ರೂಟರ್ ಹಾಕಿದ ಅಂಚು ಸುಡ್ತದೆ, ಸಿಬಿರು ಏಳ್ತದೆ, ಎಂತ ಮಾಡುವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಮರದ ಕೆಲಸದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು, ಬಂದದ್ದರಲ್ಲಿ ಹೆಚ್ಚಿನದ್ದು ಕೈಯಲ್ಲಿ ಹಿಡಿದು ಓಡಿಸುವ, ಮರದ ಅಂಚು ಮತ್ತೆ ತೋಡು ಕಡಿಯುವ ರೂಟರ್ ಮಷಿನ್ ಬಗ್ಗೆಯೇ ಉಂಟು. ಹಾಗಾಗಿ ಈ ಸಲ ಪೂರ್ತಿ ಅದೇ. ಹೆಸರು ಹಾಕ್ಬೇಡಿ ಅಂತ ಕೆಲವರು ಹೇಳಿದ ಕಾರಣ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನು ಪರ್ಕಳದವ, ಮರದ ಕೆಲಸ ಹವ್ಯಾಸ ಅಷ್ಟೆ. ಹಳೇ ಮನೆ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆಯಲ್ಲಿ ಊಟದ ಮಣೆ ಮಾಡ್ತಾ ಇದ್ದೇನೆ. ಟ್ರಿಮ್ಮರಿಗೆ (ಸಣ್ಣ ರೂಟರ್) ಅಂಚು ಉರುಟು ಮಾಡುವ ಬೇರಿಂಗ್ ಬಿಟ್ (ಅಂಚಿಗೆ ತಾಗಿ ಉರುಳುವ ಸಣ್ಣ ಚಕ್ರ ಇರುವ, ತಿರುಗಿ ಕಡಿಯುವ ಹಲ್ಲು) ಹಾಕಿ ಓಡಿಸಿದ್ರೆ ಅಲ್ಲಲ್ಲಿ ಕಪ್ಪು ಸುಟ್ಟ ಕಲೆ, ಬೆರಳಾಡಿಸಿದ್ರೆ ಅಲೆ ಅಲೆ, ಮತ್ತೆ ಮೂಲೆಗೆ ಬಂದಾಗ ರಪ್ಪ ಅಂತ ಒಂದು ಚೂರು ಹಾರಿ ಹೋಗ್ತದೆ. ಅಂಗಡಿಯಲ್ಲಿ ಕೇಳಿದ್ರೆ ದೊಡ್ಡ ಮಷಿನ್ ತಗೊಳ್ಳಿ ಅಂತಾರೆ. ಹೌದಾ ಸರ್?

ಉತ್ತರ: ಬೇಡ ಮಾರಾಯ್ರೆ, ಮಣೆಯ ಅಂಚಿಗೆ ಟ್ರಿಮ್ಮರ್ ಧಾರಾಳ ಸಾಕು. ನೀವು ಹೇಳಿದ್ದು ಮೂರು ಬೇರೆ ಬೇರೆ ತೊಂದರೆ, ಮೂರಕ್ಕೂ ಕಾರಣ ಬೇರೆ, ದೊಡ್ಡ ಮಷಿನ್ ತಂದ್ರೆ ಮೂರೂ ದೊಡ್ಡದಾಗ್ತದೆ ಅಷ್ಟೆ.

ಮೊದಲು ಒಂದು ವಿಷಯ, ಹಳೇ ಮನೆಯ ಹಲಗೆ ಅಂದಿರಲ್ಲ, ಅದ್ರಲ್ಲಿ ಮುರಿದ ಮೊಳೆ ಒಳಗೆ ಉಳಿದಿರ್ತದೆ. ಒಂದು ಅಯಸ್ಕಾಂತ ತಗೊಂಡು ಅಂಚಿನುದ್ದಕ್ಕೂ ಎಳೆದು ನೋಡಿ, ಕಪ್ಪು ಚುಕ್ಕೆ ಕಂಡಲ್ಲಿ ಉಳಿಯಲ್ಲಿ ಸ್ವಲ್ಪ ಕೆದಕಿ ನೋಡಿ. ಬಿಟ್ಟಿನ ಕಾರ್ಬೈಡ್ ಹಲ್ಲು (ಸ್ಟೀಲಿಗಿಂತ ಗಟ್ಟಿ ವಸ್ತು) ಗಟ್ಟಿಯಂತೂ ಹೌದು, ಆದ್ರೆ ಮೊಳೆ ತಾಗಿದ್ರೆ ಚಕ್ಕೆ ಎದ್ದು ಹೋಗ್ತದೆ, ಆಮೇಲೆ ಆ ಬಿಟ್ ಎಲ್ಲಿ ಓಡಿಸಿದ್ರೂ ಒಂದು ಗೆರೆ ಬಿಡ್ತಾನೇ ಹೋಗ್ತದೆ.

ಈಗ ಸುಟ್ಟ ಕಲೆ. ಸುಟ್ಟದ್ದು ಎಲ್ಲೆಲ್ಲಿ ಅಂತ ಸರಿಯಾಗಿ ನೋಡಿ, ನೂರಕ್ಕೆ ತೊಂಬತ್ತು ಪಾಲು ನೀವು ಕೈ ಬದಲಿಸಿದಲ್ಲಿ, ವಯರ್ ಸಿಕ್ಕಿಕೊಂಡಲ್ಲಿ, ಮೂಲೆ ತಿರುಗುವಾಗ ಒಂದು ಕ್ಷಣ ನಿಂತಲ್ಲಿ ಇರ್ತದೆ. ಹೆದರಿ ಹೆದರಿ ನಿಧಾನ ಹೋದ್ರೆ ಫಿನಿಶ್ ಚೆನ್ನಾಗಿ ಬರ್ತದೆ ಅಂತ ಎಲ್ಲರೂ ಅಂದ್ಕೊಳ್ತಾರೆ, ಆಗುವುದು ಉಲ್ಟಾ. ಲೆಕ್ಕ ಹಾಕಿ ನೋಡಿ: ಬಿಟ್ ನಿಮಿಷಕ್ಕೆ 24,000 ಸುತ್ತು ತಿರುಗ್ತದೆ, ಹಲ್ಲು ಎರಡು, ಅಂದ್ರೆ ನಿಮಿಷಕ್ಕೆ 48,000 ಕಡಿತ. ಒಂದು ಮೀಟರ್ ಅಂಚನ್ನು 20 ಸೆಕೆಂಡಲ್ಲಿ ಮುಗಿಸಿದ್ರೆ ಒಂದೊಂದು ಹಲ್ಲು ಸುಮಾರು 0.06 ಮಿಲಿಮೀಟರ್ ದಪ್ಪದ ಮರ ತೆಗೀತದೆ. ಅದೇ ಮೀಟರಿಗೆ ಒಂದು ನಿಮಿಷ ತಗೊಂಡ್ರೆ 0.02ಕ್ಕೆ ಇಳೀತದೆ, ಅಷ್ಟು ತೆಳುವಾದಾಗ ಹಲ್ಲು ಕಡಿಯುವುದಕ್ಕಿಂತ ಉಜ್ಜುವುದೇ ಜಾಸ್ತಿ, ಉಜ್ಜಿದ್ರೆ ಬಿಸಿ, ಬಿಸಿಯಾದ್ರೆ ಕಪ್ಪು. ಸೆಕೆಂಡ್ ಎಣಿಸ್ತಾ ಕೂರ್ಬೇಕು ಅಂತಲ್ಲ, ಹೊರಗೆ ಬೀಳುವ ಹೊಟ್ಟು ನೋಡಿ ಸಾಕು. ಬೆರಳ ನಡುವೆ ಹಿಡಿದ್ರೆ ಸಣ್ಣ ಸಣ್ಣ ಸುರುಳಿ, ಚೂರು ಕಾಣ್ಬೇಕು. ಮೈದಾ ಹಿಟ್ಟಿನ ಹಾಗೆ ನುಣುಪು ಪುಡಿ ಬರ್ತಾ ಉಂಟು ಅಂದ್ರೆ ಒಂದೋ ನೀವು ನಿಧಾನ, ಇಲ್ಲಾಂದ್ರೆ ಬಿಟ್ ಮೊಂಡು. (ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಬೋರ್ಡಿಗೆ ಈ ಪರೀಕ್ಷೆ ಇಲ್ಲ, ಅದು ಯಾವಾಗ್ಲೂ ಪುಡಿಯೇ.) ಶಬ್ದವೂ ಹೇಳ್ತದೆ, ಮಷಿನಿನ ಸ್ವರ ಸ್ವಲ್ಪ ಇಳಿದು ಒಂದೇ ಸಮ ಇರ್ಬೇಕು, ಕೀಂಯ್ ಅಂತ ಖಾಲಿ ಓಡಿದ ಹಾಗೆ ಕೇಳಿದ್ರೆ ಉಜ್ಜುತ್ತಾ ಉಂಟು ಅಂತ, ಗುರ್ ಅಂತ ಉಸಿರು ಕಟ್ಟಿದ್ರೆ ಜಾಸ್ತಿ ಆಯ್ತು ಅಂತ.

ವೇಗದ ಗುಂಡಿ ಇರುವ ಮಷಿನ್ ಆದ್ರೆ ಬಿಟ್ಟಿನ ಅಗಲ ನೋಡಿ ಇಡಿ. 25 ಮಿಲಿಮೀಟರ್ ಒಳಗಿನ ಬಿಟ್ಟಿಗೆ 22,000, 24,000 ಎಲ್ಲ ಆಗ್ತದೆ. 50 ಮಿಲಿಮೀಟರಿನ ದೊಡ್ಡ ಬಿಟ್ಟನ್ನು ಅದೇ 24,000ಕ್ಕೆ ಓಡಿಸಿದ್ರೆ ಅದ್ರ ಹಲ್ಲಿನ ತುದಿ ಗಂಟೆಗೆ 220 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಹೋಗ್ತದೆ, ಸುಡುವುದು ಬಿಡಿ, ಅದು ಅಪಾಯ. ಸಣ್ಣ ಟ್ರಿಮ್ಮರ್‌ಗಳಲ್ಲಿ ಹೆಚ್ಚಿನದ್ದಕ್ಕೆ ಗುಂಡಿಯೇ ಇಲ್ಲ, ಒಂದೇ ವೇಗ, ಅದೂ ಸುಮಾರು 30,000. ಅಂಥದ್ದಕ್ಕೆ ದೊಡ್ಡ ಬಿಟ್ ಹಾಕ್ಲೇಬಾರದು, ನಿಮ್ಮ ಅಂಚಿನ ಬಿಟ್ಟಿನ ತ್ರಿಜ್ಯ 6 ಮಿಲಿಮೀಟರ್ ಇದ್ದರೆ ಚಿಂತೆ ಇಲ್ಲ.

ಆದ ಕಲೆ ತೆಗೆಯಲಿಕ್ಕೆ ಸ್ಯಾಂಡ್ ಪೇಪರ್ ಹಿಡಿದು ಒದ್ದಾಡ್ಬೇಡಿ, ಉಜ್ಜಿ ಉಜ್ಜಿ ಉರುಟು ಹಾಳಾಗ್ತದೆ. ಇಲ್ಲೇ ನನ್ನ ಮುಖ್ಯ ಮಾತು ಬರುವುದು. ಪೂರ್ತಿ ಆಳ ಒಂದೇ ಸಲಕ್ಕೆ ತೆಗೀಬಾರದು. ಬಿಟ್ಟನ್ನು ಮೊದಲು ಅರ್ಧ ಇಳಿಸಿ ಒಂದು ಸುತ್ತು ಹಾಕಿ, ಆಮೇಲೆ ಇನ್ನೂ ಸ್ವಲ್ಪ ಇಳಿಸಿ ಇನ್ನೊಂದು ಸುತ್ತು, ಕೊನೆಗೆ ಅರ್ಧ ಮಿಲಿಮೀಟರ್ ಮಾತ್ರ ಬಾಕಿ ಇಟ್ಟು ಆ ಕೊನೇ ಸುತ್ತನ್ನು ಎಲ್ಲೂ ನಿಲ್ಲದೆ ಒಂದೇ ಓಟಕ್ಕೆ ಮುಗಿಸಿ. ಮೊದಲಿನ ಸುತ್ತುಗಳಲ್ಲಿ ಸುಟ್ಟದ್ದು, ಎದ್ದದ್ದು ಎಲ್ಲ ಈ ಕೊನೆಯ ಅರ್ಧ ಮಿಲಿಮೀಟರ್ ಒಟ್ಟಿಗೆ ಹೋಗಿಬಿಡ್ತದೆ. ಮುಂಚಿನ ಸುತ್ತುಗಳು ಮರ ತೆಗೆಯಲಿಕ್ಕೆ, ಫಿನಿಶ್ ಬರುವುದು ಕೊನೇದ್ರಲ್ಲಿ ಮಾತ್ರ. ಮಷಿನಿಗೆ ಲೋಡ್ ಇಲ್ಲ, ಕೈ ನಡುಗುವುದಿಲ್ಲ, ನೀವೂ ಹೆದರಿ ನಿಲ್ಲುವುದಿಲ್ಲ. ವಯರನ್ನು ಮೊದಲೇ ಹೆಗಲ ಮೇಲೆ ಹಾಕ್ಕೊಳ್ಳಿ, ಮಣೆಯ ಸುತ್ತ ಒಮ್ಮೆ ಮಷಿನ್ ಆಫ್ ಇಟ್ಟೇ ನಡೆದು ನೋಡಿ, ಎಲ್ಲಿ ಕಾಲು ತಡೀತದೆ ಅಂತ ಗೊತ್ತಾಗ್ತದೆ.

ಅಲೆ ಅಲೆ ಅಂದಿರಲ್ಲ, ಅದಕ್ಕೆ ಬೇರಿಂಗಿನ ಕೆಳಗಿನ ಮರ ನೋಡಿ. ಬೇರಿಂಗ್ ಅಂಚಿನ ಮೇಲೆ ಉರುಳಿಕೊಂಡು ಹೋಗುವುದು, ಅಂಚಲ್ಲಿ ಗರಗಸದ ಗೆರೆ ಇದ್ರೆ ಆ ಗೆರೆಯನ್ನೇ ಹಾಗೆಹಾಗೇ ಉರುಟಿಗೆ ಇಳಿಸ್ತದೆ, ತಗ್ಗು ಇದ್ದಲ್ಲಿ ತಗ್ಗು. ಹಾಗಾಗಿ ರೂಟರ್ ಮುಟ್ಟುವ ಮೊದಲು ಕೀಸುಳಿಯಲ್ಲಿ ಅಂಚು ಕೀಸಿ, 120 ನಂಬರಿನ ಪೇಪರ್ ಒಂದು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ ಸಮ ಮಾಡ್ಕೊಳ್ಳಿ. ಅಂಚು ಸಮ ಇದ್ದೂ ಅಲೆ ಬಂದ್ರೆ ಮಷಿನ್ ಆಚೆ ಈಚೆ ವಾಲ್ತಾ ಉಂಟು ಅಂತ ಅರ್ಥ. ಟ್ರಿಮ್ಮರಿನ ತಳ ಸಣ್ಣದು, ಅಂಚಲ್ಲಿ ಅರ್ಧ ತಳ ಗಾಳಿಯಲ್ಲಿ ಇರ್ತದೆ, ಮೂಲೆಯಲ್ಲಂತೂ ಮುಕ್ಕಾಲು. ಹಲಗೆಯ ಮೇಲಿರುವ ಬದಿಯನ್ನು ಕೈಯಲ್ಲಿ ಒತ್ತಿ ಹಿಡೀಬೇಕು, ಹೊರಗಿನ ಬದಿಯನ್ನಲ್ಲ. 6 ಮಿಲಿಮೀಟರ್ ಪ್ಲೈಯಲ್ಲಿ ಒಂದು ಕಡೆ ಉದ್ದ ಬಾಲ ಇರುವ ತಳ ಮಾಡಿ ಸ್ಕ್ರೂ ಹಾಕಿಕೊಂಡ್ರೆ ಭಾರೀ ವ್ಯತ್ಯಾಸ ಕಾಣ್ತದೆ, ಬಾಲದ ತುದಿಗೆ ಹಿಡಿಯಲಿಕ್ಕೆ ಒಂದು ಗುಬಟು.

ಮೂಲೆ ಹಾರುವುದಕ್ಕೆ ಕಾರಣ ಮರದ ನಾರು. ಮಣೆಯ ಎರಡು ಗಿಡ್ಡ ಬದಿಗಳಲ್ಲಿ ನಾರಿನ ತುದಿ ಹೊರಗೆ ಕಾಣ್ತದಲ್ಲ, ಅಲ್ಲಿ ಬಿಟ್ ಆಚೆ ಮೂಲೆಯಿಂದ ಹೊರಬೀಳುವಾಗ ಹಿಂದೆ ಆಸರೆ ಇಲ್ಲದ ನಾರುಗಳನ್ನು ತಳ್ಳಿ ಒಡೀತದೆ. ಹಾಗಾಗಿ ಗಿಡ್ಡ ಬದಿ ಎರಡನ್ನೂ ಮೊದಲು ಮುಗಿಸಿ, ಆಮೇಲೆ ಉದ್ದ ಬದಿ ಮಾಡಿ, ಮೂಲೆಯಲ್ಲಿ ಸಣ್ಣದಾಗಿ ಒಡೆದದ್ದು ಉದ್ದ ಬದಿ ಮಾಡುವಾಗ ತೆಗೆದು ಹೋಗ್ತದೆ. ಅದಕ್ಕೂ ಮೇಲೆ ಬೇಕಾದ್ರೆ ಬಿಟ್ ಹೊರಬೀಳುವ ಬದಿಗೆ ಅಷ್ಟೇ ದಪ್ಪದ ಒಂದು ರೀಪು ಒತ್ತಿ ಕ್ಲಾಂಪ್ ಹಾಕಿ, ಒಡೆದ್ರೆ ಆ ರೀಪು ಒಡೆಯಲಿ.

ಓಡಿಸುವ ದಿಕ್ಕು ನೀವು ಬರೀಲಿಲ್ಲ, ಅದೂ ಹೇಳಿಬಿಡ್ತೇನೆ. ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗ್ತದೆ. ಹಲಗೆಯ ಹೊರ ಅಂಚಿನಲ್ಲಿ ನೀವು ಅದಕ್ಕೆ ವಿರುದ್ಧ ಸುತ್ತಿನಲ್ಲಿ ಹೋಗ್ಬೇಕು, ಅಂದ್ರೆ ನಿಮ್ಮ ಹೊಟ್ಟೆಯ ಕಡೆಗಿನ ಅಂಚಲ್ಲಿ ಎಡದಿಂದ ಬಲಕ್ಕೆ. ಕಿಟಕಿ ಚೌಕಟ್ಟಿನ ಒಳ ಅಂಚಾದ್ರೆ ಮುಳ್ಳಿನ ದಿಕ್ಕಿಗೇ. ಗಲಿಬಿಲಿ ಆದ್ರೆ ಬಲಗೈ ಅಂಗೈ ಕೆಳಗೆ ಮಾಡಿ ಹೆಬ್ಬೆರಳನ್ನು ಮರದ ಕಡೆ ತೋರಿಸಿ, ತೋರುಬೆರಳು ಎಲ್ಲಿ ತೋರಿಸ್ತದೋ ಆ ಕಡೆ ಹೋಗಿ. ಉಲ್ಟಾ ಹೋದ್ರೆ ಬಿಟ್ ಚಕ್ರದ ಹಾಗೆ ಮರದ ಮೇಲೆ ಹತ್ತಿ ಮಷಿನನ್ನೇ ಎಳ್ಕೊಂಡು ಓಡ್ತದೆ. ಹಲಸಿನಲ್ಲಿ ನಾರು ಒಂದೊಂದು ಪದರಕ್ಕೆ ಒಂದೊಂದು ಕಡೆ ವಾಲಿರುವುದು ಹೆಚ್ಚು, ಸರಿಯಾದ ದಿಕ್ಕಲ್ಲಿ ಹೋದ್ರೂ ಕೆಲವು ಕಡೆ ಸಿಬಿರು ಏಳ್ತದೆ. ಅಂಥ ಜಾಗದಲ್ಲಿ ಅನುಭವಸ್ಥ ಆಚಾರಿಗಳು ಕೊನೆಯ ಅರ್ಧ ಮಿಲಿಮೀಟರನ್ನು ಬೇಕೆಂದೇ ಉಲ್ಟಾ ಓಡಿಸ್ತಾರೆ, ನೋಡಿದ್ದೇನೆ, ಫಿನಿಶ್ ಕನ್ನಡಿಯೇ. ಆದ್ರೆ ಸಣ್ಣ ಬಿಟ್, ಎರಡು ಕೈ ಹಿಡಿತ, ಹಲಗೆ ಅಲ್ಲಾಡದ ಹಾಗೆ ಕ್ಲಾಂಪ್, ಇಷ್ಟೂ ಇದ್ರೆ ಮಾತ್ರ. ನೀವು ಈಗಲೇ ಅದಕ್ಕೆ ಕೈ ಹಾಕ್ಬೇಡಿ.

ಪ್ರಶ್ನೆ: ಮಂಗಳೂರು ಬಿಜೈಯಲ್ಲಿ ನಮ್ಮದು ಸಣ್ಣ ಇಂಟೀರಿಯರ್ ಕೆಲಸ. ಮೈಕಾ ಒತ್ತಿದ ಪ್ಲೈಯಲ್ಲಿ ಗಾಡಿ (ಉದ್ದ ತೋಡು) ಹೊಡೀಬೇಕಾದ್ರೆ ಎರಡೂ ಬದಿ ಮೈಕಾ ಚಕ್ಕೆ ಏಳ್ತದೆ, ಮೈಕಾ ಇಲ್ಲದ ವಿನಿಯರ್ (ಮರದ ತೆಳು ಪದರ) ಆದ್ರೆ ಗಡ್ಡದ ಹಾಗೆ ನಾರು ನಿಲ್ತದೆ. ಸ್ಪೈರಲ್ ಬಿಟ್ ತಂದದ್ದಕ್ಕೆ ಇನ್ನೂ ಜಾಸ್ತಿ ಆಯ್ತು. ದುಡ್ಡು ದಂಡ ಆಯ್ತಾ?

ಉತ್ತರ: ದಂಡ ಅಲ್ಲ, ನೀವು ತಂದದ್ದು ಬಹುಶಃ ಅಪ್‌ಕಟ್ ಸ್ಪೈರಲ್. ಅದ್ರ ಸುರುಳಿ ಡ್ರಿಲ್ ಬಿಟ್ಟಿನ ಹಾಗೆಯೇ, ಹೊಟ್ಟನ್ನು ಮೇಲಕ್ಕೆ ಎಳೆದು ಹೊರಗೆ ಹಾಕ್ತದೆ, ಗಾಡಿ ಒಳಗೆ ಚೊಕ್ಕ ಇರ್ತದೆ, ಆದ್ರೆ ಮೇಲಿನ ಪದರವನ್ನೂ ಒಟ್ಟಿಗೆ ಎತ್ತುತ್ತದೆ. ನಿಮಗೆ ಬೇಕಾದ್ದು ಡೌನ್‌ಕಟ್, ಅದು ಮೇಲಿನ ಮೈಯನ್ನು ಕೆಳಗೆ ಒತ್ತಿ ಕಡೀತದೆ. ಅದಕ್ಕೂ ಒಂದು ಕಿರಿಕಿರಿ ಉಂಟು, ಹೊಟ್ಟು ಗಾಡಿಯ ಒಳಗೇ ತುಂಬಿ ಬಿಸಿಯಾಗ್ತದೆ, ಹಾಗಾಗಿ 3 ಮಿಲಿಮೀಟರಿಗೊಮ್ಮೆ ಆಳ ಇಳಿಸಿ, ಪ್ರತಿ ಸಲ ವ್ಯಾಕ್ಯೂಮಲ್ಲಿ ಎಳೀಬೇಕು. ಬೋರ್ಡಿನ ಎರಡೂ ಮುಖ ಮೈಕಾ ಇದ್ದು ಪೂರ್ತಿ ಆಚೆ ತನಕ ಕತ್ತರಿಸುವುದಾದ್ರೆ ಕಂಪ್ರೆಷನ್ ಬಿಟ್ ಅಂತ ಬರ್ತದೆ, ತುದಿ ಮೇಲಕ್ಕೆ ಎಳೀತದೆ, ಮೇಲಿನ ಭಾಗ ಕೆಳಗೆ ಒತ್ತುತ್ತದೆ, ಎರಡು ಮುಖವೂ ಚೊಕ್ಕ. ಆದ್ರೆ ಅದು ಕೆಲಸ ಮಾಡ್ಬೇಕಾದ್ರೆ ತುದಿಯ ಆ ಮೇಲ್ಮುಖ ಭಾಗ ಪೂರ್ತಿ ಮರದೊಳಗೆ ಇಳಿದಿರ್ಬೇಕು, ಸಣ್ಣ ಗಾಡಿಗೆ ಅದು ಪ್ರಯೋಜನ ಇಲ್ಲ. ಅಪ್‌ಕಟ್ ಇಟ್ಕೊಳ್ಳಿ, ಆಳದ ಕಿಂಡಿ ಕೊರೆಯಲಿಕ್ಕೆ ಅದ್ರಷ್ಟು ಒಳ್ಳೇದು ಬೇರೆ ಇಲ್ಲ.

ಹೊಸ ಬಿಟ್ ಬರುವ ತನಕ ವಿನಿಯರಿಗೆ ಗಾಡಿಯ ಎರಡೂ ಗೆರೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್ ಬ್ಲೇಡಿನಲ್ಲಿ ಗೀರಿ, ವಿನಿಯರ್ ಮೊದಲೇ ಕಡಿದು ಹೋಗಿರ್ತದೆ, ರೂಟರಿಗೆ ಎತ್ತಲಿಕ್ಕೆ ಎಂತದೂ ಉಳಿಯುವುದಿಲ್ಲ. ಪಟ್ಟಿ ಇಟ್ಟು ಗಾಡಿ ಹೊಡೆಯುವಾಗ ಪಟ್ಟಿ ಯಾವ ಕಡೆ ಅಂತ ನೋಡ್ಕೊಳ್ಳಿ, ಮಷಿನನ್ನು ನಿಮ್ಮಿಂದ ಮುಂದಕ್ಕೆ ತಳ್ಳುವಾಗ ಅದು ಎಡಕ್ಕೆ ಎಳೀತದೆ, ಪಟ್ಟಿ ಎಡಗಡೆ ಇದ್ರೆ ತಾನಾಗಿ ಪಟ್ಟಿಗೆ ಒತ್ತಿಕೊಂಡು ಹೋಗ್ತದೆ, ಬಲಗಡೆ ಇದ್ರೆ ಪಟ್ಟಿ ಬಿಟ್ಟು ದಾರಿ ತಪ್ಪುತ್ತದೆ, ಗಾಡಿ ಹಾವು ಹರಿದ ಹಾಗೆ.

ನೀವು ಕೇಳದ ಒಂದು ವಿಷಯ, ಮೈಕಾ ಅಂಚು ಟ್ರಿಮ್ ಮಾಡುವವರೆಲ್ಲರಿಗೂ ಬರುವ ತಲೆನೋವು. ಮೈಕಾ ಒತ್ತಿದ ಗಮ್ ಅಂಚಿನಿಂದ ಹೊರಗೆ ಬಂದಿರ್ತದೆ, ಅದು ಬೇರಿಂಗಿಗೆ ಮೆತ್ತಿ ಬೇರಿಂಗ್ ಸಿಕ್ಕಿಕೊಳ್ತದೆ. ಆಮೇಲೆ ಬೇರಿಂಗ್ ಉರುಳುವುದು ಬಿಟ್ಟು ಬಿಟ್ಟಿನ ಒಟ್ಟಿಗೇ ಗಿರ್ರಂತ ತಿರುಗಿ ಕೆಳಗಿನ ಮೈಕಾದ ಮೇಲೆ ಉದ್ದಕ್ಕೂ ಸುಟ್ಟ ಗೆರೆ ಎಳೀತದೆ, ಶೀಟೇ ಹಾಳು. ಪ್ರತಿ ಬದಿ ಶುರು ಮಾಡುವ ಮೊದಲು ಪ್ಲಗ್ ತೆಗೆದು ಬೆರಳಲ್ಲಿ ಬೇರಿಂಗ್ ತಿರುಗಿಸಿ ನೋಡಿ, ಬಿಟ್ ನಿಂತು ಬೇರಿಂಗ್ ಮಾತ್ರ ಸಲೀಸಾಗಿ ತಿರುಗ್ಬೇಕು. ಬೇರಿಂಗ್ ಓಡುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿದ್ರೆ ಇನ್ನೂ ನಿಶ್ಚಿಂತೆ, ಆದ್ರೆ ಟೇಪಿನ ದಪ್ಪದಷ್ಟು ಮೈಕಾ ಹೊರಗೆ ಉಳೀತದೆ, ಅದನ್ನು ಫೈಲಲ್ಲಿ ಉಜ್ಜಿಕೊಳ್ಳಿ.

ಪ್ರಶ್ನೆ: ಸುರತ್ಕಲ್‌ನಿಂದ. ಗಾಡಿಯ ಆಳ ಶುರುವಿನಲ್ಲಿ 5 ಮಿಲಿಮೀಟರ್ ಇದ್ದದ್ದು ಕೊನೆಗೆ ಬರುವಾಗ 8 ಆಗಿರ್ತದೆ! ಬಿಟ್ ಹೊಸತು, ನಟ್ ಎಷ್ಟು ಆಗ್ತದೋ ಅಷ್ಟು ಟೈಟ್ ಮಾಡ್ತೇನೆ, ಕೈ ನೋವು ಬಂದದ್ದೇ ಲಾಭ.

ಉತ್ತರ: ಎರಡರಲ್ಲಿ ಒಂದು ಜಾರ್ತಾ ಉಂಟು, ಯಾವುದು ಅಂತ ಮೊದಲು ಹಿಡೀಬೇಕು. ಬಿಟ್ ಟೈಟ್ ಮಾಡಿದ ಮೇಲೆ ಕಾಲೆಟ್ (ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಮತ್ತೆ ಬಿಟ್ಟಿನ ಕಾಂಡ (ಅದ್ರೊಳಗೆ ಹೋಗುವ ಸರಳು) ಎರಡಕ್ಕೂ ತಾಗುವ ಹಾಗೆ ಮಾರ್ಕರ್ ಪೆನ್ನಲ್ಲಿ ಒಂದು ಗೆರೆ ಎಳೀರಿ, ಒಂದು ಗಾಡಿ ಹೊಡೆದು ಮಷಿನ್ ನಿಲ್ಲಿಸಿ ಪ್ಲಗ್ ತೆಗೆದು ನೋಡಿ. ಗೆರೆ ಹಾಗೇ ಉಂಟು, ಆಳ ಮಾತ್ರ ಬದಲಾಗಿದೆ ಅಂದ್ರೆ ಬಿಟ್ ಅಲ್ಲ, ತಳದಲ್ಲಿ ಮೋಟಾರೇ ಕೆಳಗೆ ಜಾರಿದೆ, ಲಾಕ್ ಸ್ಕ್ರೂ ನೋಡಿ. ಗೆರೆ ತುಂಡಾಗಿದೆ ಅಂದ್ರೆ ಕಾಲೆಟ್.

ನಮ್ಮಲ್ಲಿ ಕಾಲೆಟಿನ ದೊಡ್ಡ ರೋಗ ಅಂದ್ರೆ ಅಳತೆ. ಮಾರ್ಕೆಟಲ್ಲಿ 6 ಮಿಲಿಮೀಟರ್ ಕಾಂಡದ ಬಿಟ್ಟೂ ಉಂಟು, ಕಾಲು ಇಂಚಿನದ್ದೂ ಉಂಟು, ಕಾಲು ಇಂಚು ಅಂದ್ರೆ 6.35. ಬಂದರಿನ ಹಾರ್ಡ್‌ವೇರ್ ಅಂಗಡಿ ಇರ್ಲಿ, ಆನ್‌ಲೈನ್ ಇರ್ಲಿ, ಎರಡನ್ನೂ "ಸಣ್ಣ ಕಾಂಡ" ಅಂತ ಒಂದೇ ಡಬ್ಬಿಯಿಂದ ತೆಗೆದು ಕೊಟ್ಟುಬಿಡುವುದು ಉಂಟು. 6.35ರ ಕಾಲೆಟಿಗೆ 6ರ ಬಿಟ್ ಹಾಕಿದ್ರೆ ಕೈಗೆ ಟೈಟ್ ಆದ ಹಾಗೆ ಅನ್ನಿಸ್ತದೆ, ಆದ್ರೆ ಕಾಲೆಟ್ ಕಾಂಡವನ್ನು ಉದ್ದಕ್ಕೂ ಹಿಡಿಯುವುದಿಲ್ಲ, ಒಂದು ಬಾಯಿಯಲ್ಲಿ ಮಾತ್ರ ಕಚ್ಚಿರ್ತದೆ. ಜಾರುವುದು ಮಾತ್ರ ಅಲ್ಲ, ಬಿಟ್ ಒಂಚೂರು ಅಲ್ಲಾಡ್ತಾ ತಿರುಗಿ ಗಾಡಿಯ ಗೋಡೆಯೂ ಒರಟಾಗ್ತದೆ. ವರ್ನಿಯರ್ ಹಿಡಿದು ಅಳೆದುಬಿಡಿ, ಹೊಂದದ್ದು ಇದ್ರೆ ಬಿಟ್ ಬದಲಿಸಿ ಅಥವಾ ಸರಿಯಾದ ಕಾಲೆಟ್ ತನ್ನಿ, ಟೇಪ್ ಸುತ್ತುವ ಉಪಾಯ ಎಲ್ಲ ಬೇಡವೇ ಬೇಡ. ಬಿಟ್ ಗುಂಡು ಹಾರಿದ ಹಾಗೆ ಹಾರ್ತದೆ.

ಅಳತೆ ಸರಿ ಇದ್ರೆ ಹಾಕುವ ಕ್ರಮ ನೋಡಿ. ಕಾಂಡವನ್ನು ತಳ ಮುಟ್ಟುವ ತನಕ ಒಳಗೆ ಹಾಕಿ, ಆಮೇಲೆ 2-3 ಮಿಲಿಮೀಟರ್ ಹೊರಗೆ ಎಳೆದು ಟೈಟ್ ಮಾಡ್ಬೇಕು. ತಳಕ್ಕೇ ತಾಗಿಸಿ ಇಟ್ಟರೆ ಕಾಲೆಟ್ ಬಿಗಿಯಾಗ್ತಾ ಕಾಂಡವನ್ನು ಒಳಗೆ ಎಳೆಯಲಿಕ್ಕೆ ಜಾಗ ಇಲ್ಲದೆ ಸರಿಯಾಗಿ ಹಿಡಿಯುವುದಿಲ್ಲ. ಕಾಂಡದ ಮುಕ್ಕಾಲು ಭಾಗವಾದ್ರೂ ಒಳಗೆ ಇರ್ಲೇಬೇಕು, ಆಳ ಸಾಲ್ಲಿಲ್ಲ ಅಂತ ತುದಿಯಲ್ಲಿ ಮಾತ್ರ ಕಚ್ಚಿಸಿ ಓಡಿಸುವವರನ್ನು ಕಂಡರೆ ನನಗೆ ಮಂಡೆಬಿಸಿ ಆಗ್ತದೆ. ಕಾಲೆಟಿನ ಸೀಳುಗಳಲ್ಲಿ ಕೂತ ಧೂಳನ್ನು ಒಣ ಹಲ್ಲುಜ್ಜುವ ಬ್ರಶ್ಶಲ್ಲಿ ತೆಗೀರಿ, ಎಣ್ಣೆ ಮಾತ್ರ ಹಾಕ್ಬೇಡಿ. ಮತ್ತೆ ಬಿಟ್ ಇಲ್ಲದೆ ಖಾಲಿ ಕಾಲೆಟನ್ನು ಟೈಟ್ ಮಾಡಿ ಇಡುವ ಅಭ್ಯಾಸ ಇದ್ರೆ ಬಿಡಿ, ಅದ್ರ ಆಕಾರ ಕೆಡ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎಷ್ಟು ಒಳ್ಳೇ ಬಿಟ್ ಹಾಕಿದ್ರೂ ಅಂಚಲ್ಲಿ ಹತ್ತಿಯ ಹಾಗೆ ಜುಂಜು ನಿಲ್ತದೆ, ಬೇಸಿಗೆಯಲ್ಲಿ ಇಲ್ಲ. (ಮಲ್ಪೆ)

ಉತ್ತರ: ಬಿಟ್ಟಿನದ್ದು ತಪ್ಪಿಲ್ಲ, ಮರ ಒದ್ದೆ. ನಾರು ಒದ್ದೆ ಇದ್ರೆ ಕಡಿಯುವ ಬದಲು ಬಗ್ಗಿ ಹಲ್ಲಿನ ಕೆಳಗಿಂದ ನುಸುಳಿ ಆಮೇಲೆ ಎದ್ದು ನಿಲ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯ ಗಾಳಿಯಲ್ಲಿ ಒಣಗಿದ ಮರವೂ ನೀರು ಕುಡೀತದೆ, ಮಿಲ್ಲಿನಿಂದ ಆಗಷ್ಟೇ ತಂದದ್ದಾದ್ರೆ ಕೇಳುವುದೇ ಬೇಡ. ಮನೆಯೊಳಗೆ ನಡುವೆ ರೀಪು ಕೊಟ್ಟು ಅಟ್ಟಿ ಇಟ್ಟು, ಫ್ಯಾನಿನ ಗಾಳಿ ಆಡುವ ಹಾಗೆ ಕೆಲವು ವಾರ ಬಿಡಿ. ಅರ್ಜೆಂಟ್ ಕೆಲಸ ಆದ್ರೆ ಹೊಸ ಬಿಟ್, ತೆಳು ಕೊನೇ ಸುತ್ತು, ಮೇಲಿಂದ ಒಂದು ಕೈ ಸೀಲರ್ ಹೊಡೆದು ಒಣಗಿದ ಮೇಲೆ 220ರ ಪೇಪರ್, ಸೀಲರ್ ಜುಂಜನ್ನು ಗಟ್ಟಿ ಮಾಡ್ತದೆ, ಪೇಪರ್ ಅದನ್ನು ಕಡೀತದೆ.

ಪ್ರಶ್ನೆ: ಮಣಿಪಾಲದ ಫ್ಲಾಟಲ್ಲಿ ಬಾಲ್ಕನಿಯೇ ನನ್ನ ವರ್ಕ್‌ಶಾಪ್. ಮಾಸ್ಕ್ ಅಗತ್ಯ ಉಂಟಾ ಅಥವಾ ಟವೆಲ್ ಕಟ್ಟಿಕೊಂಡ್ರೆ ಸಾಕಾ ಅಂತ ನಮ್ಮವರು ಕೇಳ್ತಾರೆ.

ಉತ್ತರ: ಟವೆಲ್ ಸಾಕಾಗುವುದಿಲ್ಲ ಅಕ್ಕ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಎನ್95 ಹಾಕಿ. ಕಿವಿಗೆ ಮುಚ್ಚಿಗೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಮಾತ್ರ ಬೇಡ, ಬಟ್ಟೆ ಬಿಟ್ಟಿಗೆ ಸಿಕ್ಕಿದ್ರೆ ಬೆರಳೂ ಒಟ್ಟಿಗೆ ಹೋಗ್ತದೆ. ಶಾಲು, ದುಪಟ್ಟಾವೂ ಅಷ್ಟೆ. ಪಕ್ಕದ ಮನೆಯವರ ಮಧ್ಯಾಹ್ನದ ನಿದ್ದೆಗೆ ನನ್ನ ಹತ್ತಿರ ಪರಿಹಾರ ಇಲ್ಲ.

ಪ್ರಶ್ನೆ: ಬಿಟ್ ಮೊಂಡಾದ್ರೆ ಹರಿತ ಮಾಡ್ಲಿಕ್ಕೆ ಆಗ್ತದಾ, ಬಿಸಾಡ್ಬೇಕಾ? (ಕಾರ್ಕಳ)

ಉತ್ತರ: ಮೊದಲು ಅದು ಮೊಂಡಾ, ಕೊಳೆಯಾ ನೋಡಿ. ಹಲ್ಲಿನ ಹಿಂದೆ ಕಂದು ಅಂಟು ಕೂತಿದ್ರೆ ಹೊಸ ಬಿಟ್ಟೂ ಸುಡ್ತದೆ. ಬೇರಿಂಗ್ ಬಿಚ್ಚಿ ತೆಗೆದಿಟ್ಟು, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಬಿಟ್ಟನ್ನು ಸ್ವಲ್ಪ ಹೊತ್ತು ಮುಳುಗಿಸಿ ಬ್ರಶ್ಶಲ್ಲಿ ಉಜ್ಜಿ ಕೂಡಲೇ ಒರೆಸಿ ಒಣಗಿಸಿ, ನಮ್ಮ ಹವೆಗೆ ತುಕ್ಕು ಹಿಡಿಯಲಿಕ್ಕೆ ಒಂದು ರಾತ್ರಿ ಸಾಕು. ಬೇರಿಂಗನ್ನು ಯಾವುದಕ್ಕೂ ಅದ್ದಬಾರದು, ಒಳಗಿನ ಗ್ರೀಸ್ ತೊಳೆದು ಹೋಗ್ತದೆ.

ಇಷ್ಟು ಮಾಡಿಯೂ ಸುಟ್ರೆ ಮೊಂಡೇ. ಕಾರ್ಬೈಡ್ ಹಲ್ಲಿನ ಸಾದಾ ಬಿಟ್ ಆದ್ರೆ ಡೈಮಂಡ್ ಪ್ಲೇಟಿನ ಮೇಲೆ ಹಲ್ಲಿನ ಚಪ್ಪಟೆ ಮುಖವನ್ನು ಮಾತ್ರ ಮಲಗಿಸಿ ಕೆಲವು ಸಲ ಉಜ್ಜಿ, ಎರಡೂ ಹಲ್ಲಿಗೆ ಸಮ ಲೆಕ್ಕ. ಓರೆ ಬದಿ ಮುಟ್ಟಿದ್ರೆ ಬಿಟ್ಟಿನ ಅಳತೆಯೂ ಆಕಾರವೂ ಹೋಯ್ತು. ಸಾಗುವಾನಿಯಲ್ಲಿ ಸಿಲಿಕಾ ಇರ್ತದೆ, ಪ್ಲೈಯಲ್ಲಿ ಅಂಟಿನ ಪದರ, ಇವೆರಡೂ ಬಿಟ್ಟನ್ನು ಬೇಗ ತಿಂತವೆ, ಅದಕ್ಕೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಅಗ್ಗ ಅಂತ ತಂದು ಪ್ಲೈಗೆ ಹಾಕ್ಬೇಡಿ. ಸ್ಪೈರಲ್ ಬಿಟ್ ಆದ್ರೆ ಮನೆಯಲ್ಲಿ ಕೈ ಹಾಕ್ಲೇಬೇಡಿ, ಅದು ಗ್ರೈಂಡಿಂಗ್ ಮಾಡುವವರ ಕೆಲಸ, ಸಣ್ಣ ಬಿಟ್ ಆದ್ರೆ ಅವ್ರ ಕೂಲಿಗಿಂತ ಹೊಸತೇ ಅಗ್ಗ ಆಗ್ಲಿಕ್ಕೂ ಸಾಕು, ಕೇಳಿ ನೋಡಿ.